ಬಲಗಡೆಯ ಚೌಕ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಅಕ್ಷರ ಚಂದ, ಅದನ್ನೂ ಹೇಳಬೇಕು. ಅವ್ವನ ವಿಷಯದಲ್ಲಿ ನಾನು ಮಾಡಿದ ಎರಡು ತಪ್ಪುಗಳಲ್ಲಿ ಒಂದು ಅಕ್ಷರದಿಂದ ಆಯಿತು, ಇನ್ನೊಂದು ಸಿಟ್ಟಿನಿಂದ. ಮೊದಲನೆಯದು ಆದಾಗ ನನಗೆ ಹದಿಮೂರು. ಎರಡನೆಯದಕ್ಕೆ ವಯಸ್ಸಿನ ನೆಪ ಹೇಳುವ ಹಾಗಿಲ್ಲ.

ನಾವು ಆಗ ಭಾಲ್ಕಿಯಲ್ಲಿದ್ದೆವು. ಅಪ್ಪ ತಹಸೀಲ ಕಚೇರಿಯಲ್ಲಿ ಅಹಲ್ಕಾರ, ಅಂದರೆ ಗುಮಾಸ್ತ. ಮನೆಯಲ್ಲಿ ಆಡುವುದು ಕನ್ನಡ, ಬಜಾರಿನಲ್ಲಿ ಮರಾಠಿ, ಕಚೇರಿಯಲ್ಲಿ ಬರೆಯುವುದು ಉರ್ದು. ಅಪ್ಪನ ಉರ್ದು ಅಂದರೆ ಅಂತಿಂಥದ್ದಲ್ಲ. ಅಜ್ಜ ಮುತ್ತಜ್ಜನ ಕಾಲದ ಹೊಲದ ಕಾಗದಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹಳ್ಳಿಯವರು ನಮ್ಮ ಮನೆಯ ಕಟ್ಟೆಗೆ ಬರುತ್ತಿದ್ದರು. ಬೇರೆಯವರು ಕಣ್ಣು ಕಿರಿದು ಮಾಡಿ ಕೈಬಿಟ್ಟ ಬರಹವನ್ನು ಅಪ್ಪ ಎಲೆ ಅಡಿಕೆ ಅಗಿಯುತ್ತ ಓದಿ ಹೇಳುತ್ತಿದ್ದರು. "ಇವರ ಕಣ್ಣಿಗಿ ಬಿದ್ದ ಕಾಗದ ತಪ್ಪಂಗಿಲ್ಲ ನೋಡ್ರಿ" ಎಂದು ಜನ ಆಡಿಕೊಳ್ಳುವುದು ಅವರ ಕಿವಿಗೆ ಬೀಳುತ್ತಿತ್ತು. ಬಿದ್ದಾಗಲೆಲ್ಲ ಟೋಪಿ ಸರಿಮಾಡಿಕೊಳ್ಳುತ್ತಿದ್ದರು.

ಕನ್ನಡದ ಒಂದಕ್ಷರ ಅವರಿಗೆ ಬರುತ್ತಿರಲಿಲ್ಲ. ನನ್ನನ್ನೂ ಉರ್ದು ಶಾಲೆಗೇ ಹಾಕಿದ್ದರು. ನಮ್ಮ ಉಸ್ತಾನಿ, ಎಂದರೆ ಟೀಚರಮ್ಮ, ನನ್ನ ವಹಿಯನ್ನು ಉಳಿದ ಹುಡುಗಿಯರಿಗೆ ತೋರಿಸಿ "ಹಿಂಗ ಬರೀರಿ" ಎನ್ನುತ್ತಿದ್ದರು. ಮನೆಯಲ್ಲಿ ಕನ್ನಡ ಓದಲು ಬರುತ್ತಿದ್ದದ್ದು ಅವ್ವನಿಗೆ ಮಾತ್ರ. ಅವಳು ಔರಾದದವಳು. ಸಣ್ಣವಳಿದ್ದಾಗ ಮಠದಲ್ಲಿ ಪುರಾಣ ಓದಿಸುತ್ತಿದ್ದ ಸ್ವಾಮಿಗಳು ಮರಳಿನಲ್ಲಿ ಅಕ್ಷರ ತಿದ್ದಿಸಿದ್ದರು. ಅಷ್ಟೇ ಅವಳ ಶಾಲೆ. ಅದನ್ನು ಯಾರೂ ವಿದ್ಯೆ ಎಂದು ಲೆಕ್ಕಕ್ಕೆ ಹಿಡಿದಿರಲಿಲ್ಲ, ಅವಳೂ ಹಿಡಿದಿರಲಿಲ್ಲ.

ಆ ವರ್ಷ ಹೈದರಾಬಾದ ರಾಜ್ಯ ಒಡೆಯುತ್ತದೆ ಅನ್ನುವ ಸುದ್ದಿ ಗಟ್ಟಿಯಾಯಿತು. ಉದಗೀರದ ಕಡೆಯದು ಮುಂಬಯಿಗೆ, ಜಹೀರಾಬಾದ ಕಡೆಯದು ಆಂಧ್ರಕ್ಕೆ, ಬೀದರ, ಭಾಲ್ಕಿ, ಔರಾದ ಮೈಸೂರಿಗೆ. ಮೈಸೂರನ್ನು ನಮ್ಮ ಓಣಿಯಲ್ಲಿ ಯಾರೂ ನೋಡಿರಲಿಲ್ಲ. ಅಲ್ಲಿಯವರು ಮೂರು ಹೊತ್ತೂ ಅನ್ನ ಉಣ್ಣುತ್ತಾರೆ, ಅವರ ಕನ್ನಡ ನಮಗೆ ತಿಳಿಯುವುದಿಲ್ಲ ಎಂದು ಅಪ್ಪನ ಕಚೇರಿಯವರು ಹೇಳುತ್ತಿದ್ದರು. ಅಷ್ಟರಲ್ಲಿ ನೌಕರರ ಕೈಗೆ ಒಂದೊಂದು ಹಾಳೆ ಬಂತು. ಯಾವ ರಾಜ್ಯದಲ್ಲಿ ಇರಲು ಇಷ್ಟವೋ ಬರೆದುಕೊಡಬೇಕು. ಅಪ್ಪನ ಮುಂದೆ ಎರಡು ದಾರಿ. ಮೈಸೂರು ಎಂದು ಬರೆದರೆ ಇಲ್ಲೇ ಇರಬಹುದು, ಆದರೆ ಕನ್ನಡ ಪರೀಕ್ಷೆ ಪಾಸು ಮಾಡಬೇಕು. ಹೈದರಾಬಾದು ಎಂದು ಬರೆದರೆ ಉರ್ದು ಇನ್ನೂ ಕೆಲವು ವರ್ಷ ಅನ್ನ ಹಾಕುತ್ತದೆ, ಆದರೆ ಗಂಟು ಮೂಟೆ ಕಟ್ಟಬೇಕು.

"ನಲವತ್ತು ದಾಟಿದ ಮ್ಯಾಲ ಪಾಟಿ ಹಿಡದು ಅ ಆ ತಿದ್ದಲೇನು?" ಎಂದು ಅಪ್ಪ ಕೇಳುತ್ತಿದ್ದರು. ಯಾರನ್ನು ಕೇಳುತ್ತಿದ್ದರೋ, ಎದುರಿಗೆ ನಾನು ಮತ್ತು ಎಮ್ಮೆ ಮಾತ್ರ ಇರುತ್ತಿದ್ದೆವು.

ನನ್ನ ಪಾಲಿಗೆ ಮೈಸೂರು ಎಂದರೆ ಔರಾದ. ಭಾಲ್ಕಿಯಲ್ಲಿ ಹುಡುಗಿಯರ ಶಾಲೆ ಏಳನೆಯ ತರಗತಿಗೆ ಮುಗಿಯುತ್ತಿತ್ತು, ನಾನು ಏಳರಲ್ಲಿದ್ದೆ. ಅಲ್ಲಿಂದ ಮುಂದೆ ಹುಡುಗಿಯರು ಮನೆಗೆ ಹೋಗುತ್ತಿದ್ದರು, ಮನೆಯಿಂದ ಗಂಡನ ಮನೆಗೆ. ಔರಾದದಲ್ಲಿ ನನ್ನ ಸೋದರಮಾವನಿಗೆ ಒಬ್ಬ ಮಗನಿದ್ದ. ನಾನು ಹುಟ್ಟಿದ ದಿನವೇ ನನ್ನನ್ನು ಅವನಿಗೆ ಕೊಡುವುದೆಂದು ನಿಶ್ಚಯವಾಗಿಹೋಗಿತ್ತಂತೆ. ಹೈದರಾಬಾದಿನಲ್ಲಿ ಮಾತ್ರ ಹುಡುಗಿಯರ ಹೈಸ್ಕೂಲಿಗೆ ಹಾಕುತ್ತೇನೆ ಎಂದು ಅಪ್ಪ ಮಾತು ಕೊಟ್ಟಿದ್ದರು. ನನ್ನ ಚಂದದ ಅಕ್ಷರ ಜೋಳದ ಲೆಕ್ಕ ಬರೆಯುವುದರಲ್ಲಿ ಮುಗಿಯಬಾರದು ಎನ್ನುವ ಒಂದೇ ಆಸೆ ನನಗೆ. ಹಾಗಾಗಿ ನಾನು ಹೈದರಾಬಾದಿನ ಕಡೆ, ಅವ್ವ ಮೈಸೂರಿನ ಕಡೆ, ಅಪ್ಪ ಬೆಳಿಗ್ಗೆ ಒಂದು ಕಡೆ ಸಂಜೆ ಒಂದು ಕಡೆ.

ಮಾವ ಒಂದು ದಿನ ಹೊಸ ತೊಗರಿಬೇಳೆಯ ಚೀಲ ಹೊರಿಸಿಕೊಂಡು ಬಂದ. ಉಂಡು ಕೈತೊಳೆದು ಮಾತು ತೆಗೆದ.

"ಮುಂದಿನ ಬ್ಯಾಸಗಿಗಿ ಮುಗಿಸಿ ಬಿಡೋಣು ತಂಗಿ. ಭಾವಜಿ ಹೈದರಾಬಾದಿಗಿ ಹೋಗೋದಿದ್ರ ಹೋಗ್ಲಿ. ಹುಡುಗಿ ನಮ್ಮ ಮನ್ಯಾಗ ಇರ್ಲಿ."

ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಹೈದರಾಬಾದು ಎಂದರೂ ನನಗೆ ಔರಾದವೇ ಆಗಬಹುದು ಎನ್ನುವುದು ಅಲ್ಲಿಯತನಕ ತಲೆಗೆ ಹೊಳೆದಿರಲಿಲ್ಲ. ಅಪ್ಪ "ನೋಡೋಣು, ನೋಡೋಣು" ಎಂದರು. ಅವ್ವ ಅಣ್ಣನ ಮುಖವನ್ನೇ ನೋಡುತ್ತ ಕುಳಿತಿದ್ದಳು. ಅವ್ವನಿಗೆ ಅಣ್ಣನೆಂದರೆ ಜೀವ. ಅವಳ ತಂದೆ ತಾಯಿ ತೀರಿ ಬಹಳ ವರ್ಷವಾಗಿತ್ತು, ತವರು ಎಂದು ಉಳಿದಿದ್ದವನು ಅವನೊಬ್ಬನೇ. ಪ್ರತಿ ನಾಗರಪಂಚಮಿಗೆ ಗಾಡಿ ಕಟ್ಟಿಕೊಂಡು ಅವಳನ್ನು ಕರೆಯಲು ಬರುತ್ತಿದ್ದ.

"ಹೈದರಾಬಾದಿಗಿ ಬರ್ತಾನೇನ್ರಿ ಪಂಚಮಿಗಿ ಕರಿಲಾಕ?" ಎಂದು ಅವ್ವ ಅಪ್ಪನನ್ನು ಕೇಳಿದ್ದಳು. ಅಪ್ಪ "ರೈಲು ಅದ ಅಲ್ಲ" ಎಂದರು.

ಕೊನೆಗೆ ಕಣ್ಣಾರೆ ನೋಡಿ ಬರೋಣ ಎಂದು ಅಪ್ಪ ನನ್ನನ್ನು ಕರೆದುಕೊಂಡು ಎರಡು ದಿನಕ್ಕೆ ಹೈದರಾಬಾದಿಗೆ ಹೋದರು. ಅವ್ವ ಬರಲೊಲ್ಲೆ ಎಂದಳು. ಅಪ್ಪನ ಹಳೆಯ ಸ್ನೇಹಿತರೊಬ್ಬರು ಎರಡು ಕೋಣೆಯ ಮನೆ ತೋರಿಸಿದರು. ನಾಲ್ಕು ಸಂಸಾರಕ್ಕೆ ಒಂದು ನಲ್ಲಿ. ಅಪ್ಪ ಅದರ ಮುಂದೆ ನಿಂತು ತಿರುಗಿಸಿ, ನೀರು ಬರುವುದನ್ನು ನೋಡಿ, ಮತ್ತೆ ಮುಚ್ಚಿದರು. ಆಮೇಲೆ ಹುಡುಗಿಯರ ಹೈಸ್ಕೂಲಿನ ಗೇಟಿಗೆ ಹೋದೆವು. ಶಾಲೆ ಬಿಡುವ ಹೊತ್ತು. ಎರಡು ಜಡೆಗೆ ನೀಲಿ ರಿಬ್ಬನ್ನು ಕಟ್ಟಿದ ಹುಡುಗಿಯರು ನಗುತ್ತ ಹೊರಗೆ ಬಂದರು. ಒಬ್ಬಳು ಉಪ್ಪು ಖಾರ ಹಚ್ಚಿದ ಪೇರಲ ಕಚ್ಚುತ್ತ ನನ್ನ ಕಡೆ ನೋಡಿ ಹೋದಳು. ಚೌಕೀದಾರ ಏನು ಬೇಕೆಂದು ಕೇಳಿದ್ದಕ್ಕೆ ಅಪ್ಪ ಎದೆಯುಬ್ಬಿಸಿ "ಬರುವ ವರ್ಷ ನನ್ನ ಮಗಳು ಇಲ್ಲಿಗೆ ಬರ್ತಾಳ" ಎಂದು ಉರ್ದುವಿನಲ್ಲಿ ಹೇಳಿದರು. ದೇವರ ಆಣೆ, ಅಷ್ಟು ಸಂತೋಷ ನನಗೆ ಆಮೇಲೆ ಮದುವೆಯ ದಿನವೂ ಆಗಲಿಲ್ಲ.

ಊರಿಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಮನಿ ಹ್ಯಾಂಗದ?"

"ಛಂದ ಅದ ಅವ್ವ. ನಲ್ಲಿ ಅದ."

"ಹಿತ್ತಲ ಅದೇನು?"

"ಇಲ್ಲ."

"ಮಾಳಗಿ, ಹಪ್ಪಳಾ ಒಣ ಹಾಕಲಾಕ?"

"ಅದು ಬ್ಯಾರೇದವರದು."

ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಜೋರಾಯಿತು.

ಹಾಳೆ ಕೊಡುವ ಕಡೆಯ ದಿನದ ಹಿಂದಿನ ಮಧ್ಯಾಹ್ನ ಅಪ್ಪ ನಿರ್ಧಾರ ಮಾಡಿದರು. "ಹೈದರಾಬಾದೇ ಮೊದಲ ಬರಿತೇನಿ. ಎರಡನೇದು ಮೈಸೂರು. ನನ್ನ ರೊಟ್ಟಿ ಉರ್ದುದಾಗ ಅದ, ಏನ ಮಾಡಲಿ? ಹುಡುಗೀನೂ ಓದ್ತದ."

"ನಿಮ್ಮ ಮರ್ಜಿರಿ" ಎಂದು ಅವ್ವ ಹಿತ್ತಿಲಿಗೆ ಹೋದಳು. ಅವಳು ಅತ್ತದ್ದು ನಮ್ಮಿಬ್ಬರಿಗೂ ಕೇಳಿಸಿತು. ನನಗೆ ಮರುಕ ಬರಲಿಲ್ಲ. ಇಷ್ಟು ವರ್ಷ ಆದ ಮೇಲೆ ಸುಳ್ಳು ಯಾಕೆ ಹೇಳಲಿ, ಗೆದ್ದೆ ಅನಿಸಿತು.

ಹಾಳೆ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಅಪ್ಪನಿಗೆ ಇಂಗ್ಲಿಷು ಅಕ್ಷರ ಕೂಡಿಸಿ ಓದುವಷ್ಟು ಮಾತ್ರ ಬರುತ್ತಿತ್ತು, ನನಗೆ ಎರಡು ವರ್ಷದ ಪಾಠವಾಗಿತ್ತು. ಕಚೇರಿಯಲ್ಲಿ ಇಂಗ್ಲಿಷು ಬಲ್ಲವರಿದ್ದರು, ಆದರೆ ಯಾರು ಯಾವ ಕಡೆ ಬರೆಯುತ್ತಾರೆ ಎನ್ನುವ ಗುಸುಗುಸು ಅಲ್ಲಿ ಎಷ್ಟಿತ್ತೆಂದರೆ, ಅಪ್ಪ ಹಾಳೆಯನ್ನು ಅಂಗಿಯ ಒಳಗೆ ಇಟ್ಟುಕೊಂಡೇ ಮನೆಗೆ ತಂದಿದ್ದರು. "ನಮ್ಮ ಬಾಯಿ ಅಕ್ಷರ ಮುತ್ತಿನಂಗ ಅದ, ಇಕಿನೇ ಬರೀಲಿ" ಎಂದರು. ನನ್ನನ್ನು ಮುದ್ದಿನಿಂದ ಬಾಯಿ ಎಂದೇ ಕರೆಯುತ್ತಿದ್ದರು. ನಾನು ಕೈ ತೊಳೆದು ಬಂದು ಕುಳಿತೆ. ಹೆಸರು, ಹುದ್ದೆ, ವಯಸ್ಸು. ಕೆಳಗೆ ಅಕ್ಕಪಕ್ಕದಲ್ಲಿ ಎರಡು ಚೌಕ, ಅವುಗಳ ಮೇಲೆ ಒಂದೇ ಸಾಲು: ಇಷ್ಟದ ಕ್ರಮದಲ್ಲಿ ಬರೆಯಿರಿ. ಚೌಕಗಳಿಗೆ ಒಂದು ಎರಡು ಎಂದು ಅಂಕೆ ಇರಲಿಲ್ಲ.

ಬಲಗಡೆಯ ಚೌಕದಲ್ಲಿ ಹೈದರಾಬಾದು ಎಂದು ಬರೆದೆ. ಎಡಗಡೆಯದರಲ್ಲಿ ಮೈಸೂರು. ಒಂದೊಂದು ಅಕ್ಷರವನ್ನೂ ಉಸಿರು ಬಿಗಿಹಿಡಿದು ಬರೆದೆ.

ಕಚೇರಿಯಿಂದ ಹೊರಗೆ ಹೋಗುವ ಯಾವ ಕಾಗದವನ್ನೂ ಅಪ್ಪ ಮುಕಾಬಲಾ ಮಾಡದೆ ಬಿಡುತ್ತಿರಲಿಲ್ಲ. ಮುಕಾಬಲಾ ಎಂದರೆ ಒಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಕಾಗದದ ಮೇಲೆ ಬೆರಳಿಟ್ಟುಕೊಂಡು ಬರುವುದು. ಆ ದಿನವೂ ಮಾಡಿದೆವು. ನಾನು ಓದಿದೆ, ಅಪ್ಪ ಬೆರಳಿಟ್ಟರು. "ಹೈದರಾಬಾದು" ಎಂದಾಗ ಅವರ ಬೆರಳು ಬಲಗಡೆಯ ಚೌಕದ ಮೇಲೆ ನಿಂತಿತು. "ಮೈಸೂರು" ಎಂದಾಗ ಎಡಕ್ಕೆ ಸರಿಯಿತು. ಮೂರು ಸಲ ಓದಿದೆ, ಮೂರು ಸಲವೂ ಹಾಗೆಯೇ. "ಬರೋಬ್ಬರಿ ಅದ" ಎಂದು ಉರ್ದುವಿನಲ್ಲಿ ದಸ್ಕತ್ತು ಹಾಕಿದರು. ಅವ್ವ ಹಿತ್ತಿಲಿನಿಂದ ಬಂದು, ಊದಿದ ಕಣ್ಣಿನಲ್ಲೇ, ಹೊಸ ಕಾಗದ ಬರೆದರೆ ಹಚ್ಚಬೇಕೆಂದು ಮೂಲೆಗೆ ಒಂದಿಷ್ಟು ಅರಿಸಿಣ ಕುಂಕುಮ ಹಚ್ಚಿ ಹೋದಳು.

ನವೆಂಬರಿನಲ್ಲಿ ನಾವು ಮೈಸೂರಿನವರಾದೆವು. ಶಾಲೆಯಲ್ಲಿ ಪೇಢೆ ಕೊಟ್ಟರು. ನಾನು ತಿಂದೆ, ಹೇಗಿದ್ದರೂ ಹೊರಡುವವಳು ಎಂದುಕೊಂಡು. ಉಸ್ತಾನಿಗೂ ಹೇಳಿಬಿಟ್ಟಿದ್ದೆ. ಕೆಲವು ದಿನಗಳ ಮೇಲೆ ಅಪ್ಪ ಕಚೇರಿಯ ಕೆಲಸ ಇದೆ ಎಂದಷ್ಟೇ ಹೇಳಿ ಬೆಳಗಿನ ರೈಲಿಗೆ ಬೀದರಿಗೆ ಹೋದರು. ಸಂಜೆ ಬಿಸಿಲು ಇರುವಾಗಲೇ ಬಂದರು. ಬಂದವರು ಒಳಗೆ ಹೋಗಲಿಲ್ಲ, ಎಮ್ಮೆ ಕಟ್ಟುವಲ್ಲಿ ನಾನು ಕಸ ಬಳಿಯುತ್ತಿದ್ದೆ, ಅಲ್ಲಿಗೇ ಬಂದರು.

"ಆರ್ಡರ ಬಂದದ ಬಾಯಿ. ಮೈಸೂರೇ ಅಂತ. ತಪ್ಪಾಗ್ಯದ ಅಂತ ಜಗಳಾ ಮಾಡ್ಲಾಕ ಹೋಗಿದ್ನಿ. ನಮ್ಮ ಹಾಳಿನೇ ತಗದು ತೋರಿಸಿದ್ರು."

"ಹೈದರಾಬಾದ ಮೊದಲ ಬರದೀನಲ್ಲಪ್ಪ!"

"ಇಂಗ್ಲಿಷ್ ಕಾಗದ ಎಡಗಡಿಯಿಂದ ಶುರು ಆಗ್ತದ."

ಅಷ್ಟೇ ಅಂದರು. ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಹುಟ್ಟಿದಾಗಿನಿಂದ ಉರ್ದು ಬರೆಯುತ್ತ ವಹಿಯ ಬಲಗಡೆಯಿಂದಲೇ ಶುರುಮಾಡಿದವಳು ನಾನು. ಇಂಗ್ಲಿಷಿನ ಶಬ್ದ ಎಡದಿಂದ ಬರೆಯಬೇಕೆಂದು ಗೊತ್ತಿತ್ತು, ಬರೆದಿದ್ದೆ. ಆದರೆ ಎರಡು ಖಾಲಿ ಚೌಕ ಕಂಡಾಗ ಕೈ ತಾನಾಗಿ ಬಲಕ್ಕೆ ಹೋಗಿತ್ತು, ಅಪ್ಪನ ಬೆರಳೂ ಹೋಗಿತ್ತು. ಇಡೀ ಮನೆಯಲ್ಲಿ ಹೋಗಲೇಬೇಕೆಂದು ಹಟ ಹಿಡಿದವಳು ನಾನೊಬ್ಬಳೇ, ನನ್ನ ಕೈಯಿಂದಲೇ ಅದು ಹೋಯಿತು. ಕಸಬರಿಗೆ ಬಿಸಾಡಿ ಅಳಲು ಶುರುಮಾಡಿದೆ.

"ಅಳಬ್ಯಾಡ. ತಪ್ಪು ನಿಂದಲ್ಲ, ಮುಕಾಬಲಾ ಮಾಡಿದಂವ ನಾನು" ಎಂದು ಅಪ್ಪ ಕೋಟಿನ ಕಿಸೆಯಿಂದ ಇನ್ನೊಂದು ಹಾಳೆ ತೆಗೆದರು. ತಿದ್ದುಪಡಿಯ ಅರ್ಜಿ. ಹದಿನೈದು ದಿನದೊಳಗೆ ಕೊಟ್ಟರೆ ಬದಲಾಯಿಸುತ್ತಾರಂತೆ. "ನಿಮ್ಮವ್ವಗ ಹೇಳಬ್ಯಾಡ. ಯಾರಿಗೂ ಹೇಳಬ್ಯಾಡ. ಊರ ಮಂದಿ ಕಾಗದ ಓದಾಂವ ತನ್ನ ಕಾಗದ ಓದಲಿಲ್ಲ ಅಂತ ನಗ್ತಾರ."

ಅಷ್ಟರಲ್ಲಿ ಅವ್ವ ಬಂದಳು. ನನ್ನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು.

"ಏನಾತ್ರಿ ಬೀದರದಾಗ? ಯಾವಾಗ ಹೋಗೋದಂತ?"

ಅವಳ ದನಿಯಲ್ಲಿ ಜೀವವೇ ಇರಲಿಲ್ಲ. ಅಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಹೋಗೋದಿಲ್ಲ. ಇಲ್ಲೇ ಇರೋದು. ನಾನೇ ಮೈಸೂರು ಮೊದಲ ಬರೆಸಿದ್ನಿ."

"ಯಾಕ್ರಿ?"

"ಯಾಕಂದ್ರ... ನೀ ಅಳಲಾಕತ್ತಿದ್ದಿ ಅಲ್ಲ. ಅದಕ."

ಬಾಯಿಗೆ ಬಂದದ್ದನ್ನು ಹೇಳಿದ್ದರು, ಅಷ್ಟೇ. ಮರ್ಯಾದೆ ಉಳಿಸಿಕೊಳ್ಳಲು ಆ ಗಳಿಗೆಯಲ್ಲಿ ಸಿಕ್ಕ ಮಾತು ಅದು. ಆದರೆ ಅವ್ವ ನಿಂತಲ್ಲೇ ನಿಂತಳು. "ನನ್ನ ಸಲುವಾಗೇನ್ರಿ?" ಎಂದಳು. ಅವಳ ಮದುವೆಯಾಗಿ ಹದಿನಾರು ವರ್ಷ. ಮನೆ ಬದಲಾಯಿಸುವುದಿರಲಿ, ಕಂಬಳಿ ಕೊಳ್ಳುವುದಿರಲಿ, ಅವಳನ್ನು ಕೇಳಿ ಆ ಮನೆಯಲ್ಲಿ ಏನೂ ಆಗಿರಲಿಲ್ಲ. ಅಪ್ಪನ ಕೈಯಿಂದ ಟೋಪಿ ಇಸಿದುಕೊಂಡು ಸೆರಗಿನಿಂದ ಧೂಳು ಒರೆಸಿದಳು. ಒರೆಸುತ್ತಲೇ ಇದ್ದಳು. ಅಪ್ಪ ಸಿಕ್ಕಿಬಿದ್ದ ಕಳ್ಳನ ಹಾಗೆ ನನ್ನ ಕಡೆ ನೋಡಿದರು.

ಆ ಹದಿನೈದು ದಿನ ನಾನು ಅಪ್ಪನ ಕೋಟಿನ ಕಿಸೆಯನ್ನೇ ನೋಡುತ್ತಿದ್ದೆ. ಅವ್ವ ಆ ದಿನಗಳಲ್ಲಿ ಬೇರೆಯೇ ಹೆಂಗಸಾಗಿದ್ದಳು. ಹಾಡು ಹೇಳುತ್ತ ಬೀಸುತ್ತಿದ್ದಳು. ಕೇಳಿದವರಿಗೂ ಕೇಳದವರಿಗೂ "ಇವರು ನನ್ನ ಸಲುವಾಗಿ ಹೈದರಾಬಾದ ಬಿಟ್ಟರು" ಎನ್ನುತ್ತಿದ್ದಳು. ಕಡೆಯ ದಿನ ಬಂತು. ನಾನೇ ಅರ್ಜಿಯನ್ನು ಕಿಸೆಯಿಂದ ತೆಗೆದು ಅಪ್ಪನ ಮುಂದೆ ಇಟ್ಟೆ.

"ಅಪ್ಪಾ, ಇವತ್ತ ಕಡೀ ದಿನ."

ಅಪ್ಪ ಅದನ್ನು ಕೈಗೆತ್ತಿಕೊಂಡರು. "ಆಕಿ ಭಾಳ ಖುಷಿ ಅದಾಳ ಬಾಯಿ" ಎಂದರು. ಮತ್ತೆ, "ದಫ್ತರದಾಗ ನಗ್ತಾರ" ಎಂದರು. ಎರಡರಲ್ಲಿ ಯಾವುದು ಹೆಚ್ಚು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಹರಿದು ಒಲೆಗೆ ಹಾಕಿದರು. ನಾನು ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ಮಾತಾಡಿದೆ, ಬೇರೆ ಯಾರಿದ್ದರು ಮಾತಾಡಲು?

ಬೇಸಿಗೆಗೆ ಮುಂಚೆ ಮಾವ ಬಂದ. ಈ ಸಲ ನನಗೊಂದು ಹಸಿರು ಸೀರೆಯನ್ನೂ ತಂದಿದ್ದ. ಇನ್ನು ಅಡ್ಡಿಯೇನಿಲ್ಲವಲ್ಲ, ಇಲ್ಲೇ ಉಳಿದಿರಿ, ದಿನ ಗೊತ್ತು ಮಾಡೋಣ ಎಂದ. ನಾನು ಅಡುಗೆ ಮನೆಯಲ್ಲಿ ಮೊಣಕಾಲಿಗೆ ಮುಖ ಒತ್ತಿ ಕುಳಿತಿದ್ದೆ. ಅಪ್ಪ ಎಂದಿನಂತೆ "ನೋಡೋಣು" ಎನ್ನುತ್ತಾರೆ ಎಂದುಕೊಂಡಿದ್ದೆ. ಮಾತಾಡಿದವಳು ಅವ್ವ.

"ಅಣ್ಣಾ, ಹುಡುಗಿ ಓದ್ತಾಳ. ನಾವು ಬೀದರಿಗಿ ಹೋಗ್ತೇವಿ. ಅಲ್ಲಿ ದೊಡ್ಡ ಸಾಲಿ ಅದ. ಇವರಿಗಿ ಅಲ್ಲಿಗಿ ವರ್ಗಾ ಮಾಡಿಸಿಕೋರಿ ಅಂತ ಹೇಳ್ತೇನಿ."

"ತಲಿ ಕೆಟ್ಟದೇನು ನಿಂದು?"

"ಇವರಿಗಿ ಮಗಳಿಗಿ ಹೈದರಾಬಾದದಾಗ ಓದಸಬೇಕಂತ ಇತ್ತು. ನನ್ನ ಸಲುವಾಗಿ ಬಿಟ್ಟರು. ಅವರು ಅಷ್ಟ ಮಾಡಿದ ಮ್ಯಾಲ ನಾ ಇಷ್ಟರೆ ಮಾಡಬ್ಯಾಡೇನು? ಹುಡುಗಿ ಸಾಲಿ ಮುಗೀಲಿ. ಆಮ್ಯಾಲ ನೋಡೋಣು."

ಮಾವ ಅರ್ಧ ಉಂಡ ತಾಟಿನಲ್ಲೇ ಕೈ ತೊಳೆದ. ಸಾಲಿ ಮುಗಿಯುವ ತನಕ ಯಾರು ಕಾಯುತ್ತಾರೆ ಎಂದು ಕೇಳಿದ. ಚಪ್ಪಲಿ ಮೆಟ್ಟಿಕೊಳ್ಳುತ್ತ "ಇನ್ನ ಮ್ಯಾಲ ನನಗ ತಂಗಿ ಇಲ್ಲ ಅಂತ ತಿಳಕೊತೇನಿ" ಎಂದ. ಅವ್ವ ಹೊಸ್ತಿಲ ತನಕ ಹೋದಳು, ಕರೆಯಲಿಲ್ಲ. ಹಸಿರು ಸೀರೆ ಚಾಪೆಯ ಮೇಲೆಯೇ ಇತ್ತು. ಅಪ್ಪ ಮರುದಿನ ಅದನ್ನು ಯಾರ ಕೈಯಲ್ಲೋ ಔರಾದಕ್ಕೆ ಕಳಿಸಿದರು.

ಆಗಲೇ ಬಾಯಿ ಬಿಡಬೇಕಾಗಿತ್ತು ನಾನು. ಅವ್ವ, ಅಪ್ಪ ನಿನ್ನ ಸಲುವಾಗಿ ಬಿಡಲಿಲ್ಲ, ನನ್ನ ಕೈ ತಪ್ಪಿತು ಎನ್ನಬೇಕಾಗಿತ್ತು. ಹೇಳಿದ್ದರೆ ಔರಾದಕ್ಕೆ ಹೋಗುತ್ತಿದ್ದೆ. ಹೇಳಲಿಲ್ಲ.

ಬೀದರಿಗೆ ಬಂದೆವು. ಚಿದ್ರಿ ಆಗ ಊರ ಹೊರಗಿನ ಜಾಗ, ನಾಲ್ಕು ಮನೆ, ಸುತ್ತ ಹೊಲ. ಹಿತ್ತಿಲು ಇದೆ ಎಂದು ಅವ್ವ ಅಲ್ಲಿಯ ಮನೆಯನ್ನೇ ಹಿಡಿದಳು. ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಯಬೇಕಾಯಿತು, ಅಪ್ಪನಿಗೆ ಪರೀಕ್ಷೆ ಕಟ್ಟಬೇಕಾಯಿತು. ಕಲಿಸಿದವಳು ಅವ್ವ. ಸಂಜೆ ನಾವಿಬ್ಬರೂ ಪಾಟಿ ಹಿಡಿದು ಅವಳ ಮುಂದೆ ಕೂರುತ್ತಿದ್ದೆವು. "ಎಡಗಡಿಯಿಂದ್ರಿ, ಎಡಗಡಿಯಿಂದ" ಎಂದು ಅವಳು ಅಪ್ಪನ ಬೆರಳು ಹಿಡಿದು ಸರಿಸಿದಾಗ ಅಪ್ಪ ನನ್ನ ಕಡೆ ನೋಡುತ್ತಿರಲಿಲ್ಲ. ಎರಡನೆಯ ಸಲಕ್ಕೆ ಪಾಸಾದರು.

ಪಂಚಮಿ ಬಂದಾಗಲೆಲ್ಲ ಅವ್ವ ಎಳ್ಳುಂಡಿ, ಶೇಂಗಾ ಉಂಡಿ ಕಟ್ಟುತ್ತಿದ್ದಳು. ಕಟ್ಟಿ, ಡಬ್ಬಿ ತುಂಬಿ, ಒಳ್ಳೆಯ ಸೀರೆ ಉಟ್ಟು ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಔರಾದದ ಬಸ್ಸು ಬರುವ ಹೊತ್ತು ಅವಳಿಗೆ ಗೊತ್ತಿತ್ತು. ಯಾರೂ ಬರುತ್ತಿರಲಿಲ್ಲ. ಮಾವ ಸತ್ತ ಸುದ್ದಿಯೂ ನಮಗೆ ಮಣ್ಣಾದ ಮೇಲೆ ಮುಟ್ಟಿತು. ಅವತ್ತು ಅತ್ತು, ಕಣ್ಣು ಒರೆಸಿಕೊಂಡು, "ಇರ್ಲಿ, ನನ್ನ ಗಂಡ ನನಗಾಗಿ ಒಂದು ಶಹರನೇ ಬಿಟ್ಟಾನ" ಎಂದಳು. ಒಂದು ಕಡೆ ಕಳೆದದ್ದನ್ನು ಇನ್ನೊಂದು ಕಡೆಯಿಂದ ತುಂಬಿಕೊಳ್ಳುತ್ತಿದ್ದಳು. ಅಪ್ಪ ತೀರಿಹೋಗುವ ತನಕವೂ ಆ ಮಾತು ಬಂದಾಗ ಎದ್ದು ಹಿತ್ತಿಲಿಗೆ ಹೋಗುತ್ತಿದ್ದರು. ನಾಚಿಕೆ ಎಂದು ಓಣಿಯ ಹೆಂಗಸರು ನಗುತ್ತಿದ್ದರು.

ನಾನು ಓದಿ ಟೀಚರಾದೆ, ಮದುವೆಯಾದೆ, ಮಕ್ಕಳಾದವು, ಅಪ್ಪ ಹೋದ ಮೇಲೆ ಅವ್ವನ ಜೊತೆ ಅದೇ ಚಿದ್ರಿಯ ಮನೆಯಲ್ಲಿ ಉಳಿದೆವು. ನನಗೆ ಬಡ್ತಿ ಬಂತು. ಮುಖ್ಯೋಪಾಧ್ಯಾಯಿನಿ, ಆದರೆ ಕಲಬುರ್ಗಿಯಲ್ಲಿ. ಈಗ ನನ್ನ ಮನೆಯಲ್ಲಿ ಅದೇ ಪಂಚಾಯ್ತಿ ಶುರುವಾಯಿತು. ಹೋಗುವುದೋ ಬಿಡುವುದೋ. ನನ್ನ ಗಂಡ "ನಿಮ್ಮವ್ವ, ನಿನ್ನ ನೌಕರಿ, ನೀನೇ ನೋಡು" ಎಂದು ಕೈ ಝಾಡಿಸಿದ. ನಮ್ಮ ಜೊತೆ ಬಾ ಎಂದು ವಾರಗಟ್ಟಲೆ ಅವ್ವನ ಹಿಂದೆ ಬಿದ್ದೆ. ಅವಳು ಜಪ್ಪಯ್ಯ ಅನ್ನಲಿಲ್ಲ. ಒಂದು ಮುಂಜಾನೆ ಶಾಲೆಗೆ ಹೊತ್ತಾಗಿತ್ತು, ಸೀರೆಯ ನೆರಿಗೆ ಸರಿಹೋಗುತ್ತಿರಲಿಲ್ಲ, ಆಗ ಅವ್ವ ತೊಗರಿ ಹಸನು ಮಾಡುತ್ತ ಅಂದಳು:

"ನಿಮ್ಮಪ್ಪ ನನ್ನ ಸಲುವಾಗಿ ಹೈದರಾಬಾದ ಬಿಟ್ಟ. ನೀ ನನ್ನ ಹೊಟ್ಟ್ಯಾಗ ಹುಟ್ಟಿದಾಕಿ, ಒಂದು ಕಲಬುರ್ಗಿ ಬಿಡಲಾಕ ಆಗಂಗಿಲ್ಲ?"

"ಅಪ್ಪ ಏನೂ ಬಿಟ್ಟಿಲ್ಲ!" ಎಂದು ಚೀರಿದೆ. "ಹೈದರಾಬಾದ ಅಂತನೇ ಬರೆಸಿದ್ದ. ನಾನು ತಪ್ಪಿ ಬ್ಯಾರೆ ಚೌಕದಾಗ ಬರದಿದ್ನಿ. ನಿನ್ನ ಸಲುವಾಗಿ ಅಲ್ಲ, ಯಾರ ಸಲುವಾಗೂ ಅಲ್ಲ!"

ಮೊರದ ಮೇಲೆ ಅವಳ ಕೈ ನಿಂತಿತು. ಆಡಿದ ಮಾತನ್ನು ನುಂಗಲು ಆಗುವ ಹಾಗಿದ್ದರೆ ಅಲ್ಲೇ ನುಂಗಿಬಿಡುತ್ತಿದ್ದೆ. ಅವ್ವ ಒಂದೊಂದಾಗಿ ಕೇಳಿದಳು. ಯಾವ ಹಾಳೆ, ಯಾವ ಚೌಕ, ಅಪ್ಪನಿಗೆ ಯಾವಾಗ ತಿಳಿಯಿತು, ನನಗೆ ಯಾವಾಗ ತಿಳಿಯಿತು. ನಾನು ಶಾಲೆ ಮರೆತು ಕುಳಿತು ಎಲ್ಲ ಹೇಳಿದೆ. ಕೊನೆಗೆ ಆ ಅರ್ಜಿಯ ಸಂಗತಿಯನ್ನೂ ಹೇಳಿದೆ. "ತಿದ್ದುಪಡಿ ಮಾಡಸಬಹುದಿತ್ತು ಅವ್ವ. ಮಾಡಲಿಲ್ಲ ಅಪ್ಪ. ನೀ ಖುಷಿ ಇದ್ದಿ ಅಂತ ಹರದು ಹಾಕಿದ."

"ಮಂದಿ ನಗ್ತಾರಂತ ಹರದಿರ್ತಾನ" ಎಂದಳು ಅವ್ವ. "ನನಗ ಗೊತ್ತಿಲ್ಲೇನು ಅವನ ಗುಣ?"

ಹದಿಮೂರನೆಯ ವಯಸ್ಸಿನಿಂದ ನಾನು ಬಿಡಿಸಲಾರದ್ದನ್ನು ಅವಳು ಒಂದು ಮಾತಿನಲ್ಲಿ ಮುಗಿಸಿದಳು. ಆಮೇಲೆ ತೊಗರಿ ಹಸನು ಮಾಡಿ ಮುಗಿಸಿ, ಮೊರ ಗೋಡೆಗೆ ತೂಗುಹಾಕಿ, "ಕಲಬುರ್ಗಿಗಿ ಹೋಗು. ನಾನೂ ಬರ್ತೇನಿ. ನನ್ನ ಸಲುವಾಗಿ ಯಾರೂ ನಿಂತಿಲ್ಲ, ನೀ ಯಾಕ ನಿಲ್ತಿ?" ಎಂದಳು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸಿಟ್ಟು ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮರುದಿನ ಪಕ್ಕದ ಮನೆಯ ಖಾಲಾ, ಎಂದರೆ ಓಣಿಗೆಲ್ಲ ಚಿಕ್ಕಮ್ಮ, ಬಂದರು. ಹಿಂದೆ ಎಷ್ಟೋ ಸಲ ಆ ಕಥೆ ಕೇಳಿದವರು. "ಬಿಟ್ಟು ಹೋಗ್ತೀರಂತಲ್ರಿ ಅಮ್ಮಾ?" ಎಂದು ಕೇಳಿದರು. ಎಂದಿನಂತಿದ್ದರೆ ಅವ್ವ ಇಲ್ಲಿಗೆ ಹೈದರಾಬಾದಿನ ಮಾತು ತರುತ್ತಿದ್ದಳು. ಅವತ್ತು ತರಲಿಲ್ಲ. ಅದನ್ನು ತಡೆಯಲಾರದೆ ನಾನೇ ಬಾಯಿ ಹಾಕಿದೆ.

"ಅವ್ವಗ ಈ ಊರು ಬಿಡೋದು ತ್ರಾಸ ಆಗ್ತದರಿ ಖಾಲಾ. ಅಪ್ಪ ಆಕಿ ಸಲುವಾಗಿ ಹೈದರಾಬಾದ ಬಿಟ್ಟಿದ್ದರಲ್ಲ."

"ಸುಳ್ಳ ಯಾಕ ಹೇಳ್ತಿ?" ಎಂದಳು ಅವ್ವ. ಖಾಲಾನ ಕಡೆ ತಿರುಗಿದಳು. "ಹಂಗೇನಿಲ್ಲರಿ. ಇಕಿ ಕಾಗದದಾಗ ತಪ್ಪು ಬರದಿದ್ಳು, ಅಂವ ನೋಡದೆ ದಸ್ಕತ್ತ ಹಾಕಿದ್ದ. ತಪ್ಪಿ ಉಳದೇವಿ ನಾವು ಇಲ್ಲಿ."

ಖಾಲಾಗೆ ನಗು ತಡೆಯಲಿಲ್ಲ. ಅವ್ವನೂ ಸ್ವಲ್ಪ ನಕ್ಕಳು. ನನಗೆ ತಲೆ ಎತ್ತಲಾಗಲಿಲ್ಲ. ಎದ್ದು ಚಹಾಕ್ಕೆ ನೀರಿಡಲು ಒಳಗೆ ಹೊರಟೆ. ಹಿಂದಿನಿಂದ ಅವಳ ದನಿ ಕೇಳಿಸಿತು, ಖಾಲಾಗೆ ಹೇಳುತ್ತಿದ್ದಳೋ ನನಗೋ.

"ಇಕಿಗಿ ಸಾಲಿಗಿ ಕಳಿಸಿದಾಕಿ ಮಾತ್ರ ನಾನೇರಿ. ಅಣ್ಣನ ಬಿಟ್ಟು ಕಳಿಸೀನಿ. ಅದು ತಪ್ಪಿ ಆದದ್ದಲ್ಲ."